ಮನೆತನದಲ್ಲಿ ಫ್ಯಾಟಿ ಲಿವರ್ ಇದ್ದರೆ: ವಂಶಪಟ್ಟಿ, ಟೇಪು, ನಾಲ್ಕು ಅಂಕಿ ಹಿಡಿದು ಅಪಾಯ ಅಳೆಯುವ ಬಗೆ

ಹುಬ್ಬಳ್ಳಿಯ ಒಂದು ರಕ್ತಪರೀಕ್ಷಾ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಕಟ್ಟೆಯ ಮೇಲೆ ಕಾಯುತ್ತ ಕೂತವರಲ್ಲಿ ಈಗೀಗ ಮೂವತ್ತು, ಮೂವತ್ತೈದರ ಹುಡುಗರೂ ಇರುತ್ತಾರೆ. ಕೈಯಲ್ಲಿ ಸ್ಕ್ಯಾನಿಂಗ್ ವರದಿ, ಅದರ ಕೊನೆಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂಬ ಸಾಲು. “ಅಕ್ಕಾರ, ನಮ್ಮ ಮನ್ಯಾಗ ಎಲ್ಲಾರಿಗೂ ಐತ್ರಿ. ಜೀನ್ ಟೆಸ್ಟ್ ಮಾಡಸಬೇಕೇನ್ರಿ?” ಎಂದು ಕೇಳುತ್ತಾರೆ.

ಆ ದುಡ್ಡು ಸದ್ಯಕ್ಕೆ ಕೈಯಲ್ಲೇ ಇರಲಿ ಎನ್ನುತ್ತೇನೆ. ವಂಶದಿಂದ ನಿಮಗೆ ಬಂದಿರುವ ಅಪಾಯವನ್ನು ಮನೆಯ ಹಿರಿಯರ ಬಾಯಿಂದ, ದರ್ಜಿಯ ಟೇಪಿನಿಂದ, ನಿಮ್ಮ ಹತ್ತಿರ ಆಗಲೇ ಇರುವ ವರದಿಯ ನಾಲ್ಕು ಅಂಕಿಗಳಿಂದ ಬಹುಮಟ್ಟಿಗೆ ತಿಳಿಯಬಹುದು. ತಿಳಿದ ಮೇಲೆ ಮಾಡಬೇಕಾದದ್ದು ಜೀನ್ ಟೆಸ್ಟ್ ಮಾಡಿಸಿದವರಿಗೂ ಮಾಡಿಸದವರಿಗೂ ಒಂದೇ. ಕೌಂಟರಿನ ಮುಂದೆ ಸಾಲು ನಿಂತಿರುವಾಗ ಇಷ್ಟೆಲ್ಲ ಬಿಡಿಸಿ ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಔಷಧದ ವಿಚಾರ ನಿಮ್ಮ ಡಾಕ್ಟರಿಗೆ ಬಿಟ್ಟದ್ದು. ವರದಿ ಓದುವುದು, ಅಂಕಿ ಎಲ್ಲಿ ದಾರಿ ತಪ್ಪಿಸುತ್ತದೆ ಎಂದು ಗುರುತಿಸುವುದು ನನ್ನ ದಿನನಿತ್ಯದ ಕೆಲಸ, ಅಷ್ಟನ್ನು ನಾನು ಹೇಳಬಲ್ಲೆ.

ವಂಶದಿಂದ ಬರುವುದು ಏನು

ಲಿವರಿನ ಜೀವಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ಕೂತರೆ ಅದು ಫ್ಯಾಟಿ ಲಿವರ್. ಕುಡಿತದಿಂದಲೂ ಆಗುತ್ತದೆ, ಕುಡಿಯದವರಿಗೂ ಆಗುತ್ತದೆ. ಕುಡಿಯದವರದ್ದಕ್ಕೆ ಮೊದಲು ಎನ್‌ಎಎಫ್‌ಎಲ್‌ಡಿ ಎನ್ನುತ್ತಿದ್ದರು, 2023ರಿಂದ ಎಂಎಎಸ್‌ಎಲ್‌ಡಿ ಎನ್ನುತ್ತಾರೆ. ವರದಿಯಲ್ಲಿ ಯಾವ ಹೆಸರಿದ್ದರೂ ಗಾಬರಿ ಬೇಡ, ರೋಗ ಒಂದೇ.

ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಅವಳಿಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬರ ಲಿವರಿಗೂ ಇನ್ನೊಬ್ಬರ ಲಿವರಿಗೂ ಕೊಬ್ಬಿನಲ್ಲಿ ಇರುವ ವ್ಯತ್ಯಾಸದ ಸುಮಾರು ಅರ್ಧಪಾಲು ವಂಶದ್ದು. ಉಳಿದರ್ಧ ಊಟ, ಓಡಾಟ, ತೂಕ, ಸಕ್ಕರೆ ಕಾಯಿಲೆ ಇತ್ಯಾದಿ.

ವಂಶದ ಪಾಲಿನಲ್ಲಿ ದೊಡ್ಡ ಹೆಸರು ಪಿಎನ್‌ಪಿಎಲ್‌ಎ3. ನಮ್ಮ 22ನೇ ವರ್ಣತಂತುವಿನ ಮೇಲೆ ಇರುವ ಜೀನು ಇದು. ಡಲ್ಲಾಸ್ ನಗರದ ಹೆಲೆನ್ ಹಾಬ್ಸ್, ಜೊನಾಥನ್ ಕೋಹೆನ್ ಅವರ ತಂಡ 2008ರಲ್ಲಿ ಇದರ ಒಂದು ರೂಪಭೇದವನ್ನು ಗುರುತಿಸಿತು. ಡಿಎನ್‌ಎಯ ಒಂದೇ ಒಂದು ಅಕ್ಷರ ಬೇರೆ, ಸಿ ಇರಬೇಕಾದಲ್ಲಿ ಜಿ. ಅಷ್ಟರಿಂದ ಪ್ರೋಟೀನಿನ 148ನೇ ಜಾಗದಲ್ಲಿ ಐಸೊಲ್ಯೂಸಿನ್ ಹೋಗಿ ಮೆಥಿಯೊನಿನ್ ಬರುತ್ತದೆ. ಅಪ್ಪನಿಂದ ಒಂದು, ಅವ್ವನಿಂದ ಒಂದು ಹೀಗೆ ಎರಡೂ ಪ್ರತಿ ಇದೇ ಆದವರ ಲಿವರಿನಲ್ಲಿ, ಒಂದೂ ಇಲ್ಲದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಕೊಬ್ಬು ಕಂಡಿತು.

ಅದು ಕೆಲಸ ಮಾಡುವ ಬಗೆ ಹೀಗಿದೆ. ಬದಲಾದ ಪ್ರೋಟೀನು ಸಕಾಲಕ್ಕೆ ಕರಗಿಹೋಗದೆ ಕೊಬ್ಬಿನ ಹನಿಗಳ ಮೇಲೆಯೇ ಕೂತುಬಿಡುತ್ತದೆ, ಕೊಬ್ಬು ಒಡೆಯುವ ಬೇರೆ ಪ್ರೋಟೀನುಗಳಿಗೂ ಜಾಗ ಬಿಡುವುದಿಲ್ಲ. ಅಮರಗೋಳದ ಎಪಿಎಂಸಿಯಲ್ಲಿ ಗೋದಾಮಿನ ಬಾಗಿಲಿಗೇ ಯಾರೋ ಚೀಲ ಒಟ್ಟಿ ಕೂತರೆ ಒಳಗಿನ ಮಾಲು ಹೊರಗೆ ಹೋಗುವುದು ಹೇಗೆ, ಹಾಗೆ. ಇನ್ನೊಂದು ಮಾತು ನೆನಪಿಡಿ. ಸಕ್ಕರೆ, ಪಿಷ್ಟ ಹೆಚ್ಚು ತಿಂದು ಇನ್ಸುಲಿನ್ ಏರಿದಾಗ ಲಿವರು ಈ ಪ್ರೋಟೀನನ್ನು ಇನ್ನಷ್ಟು ತಯಾರಿಸುತ್ತದೆ. ಜೀನು ಸರಿಯಿದ್ದವರಿಗಿಂತ ಈ ಜೀನು ಇದ್ದವರಿಗೆ ಸಿಹಿ ಹೆಚ್ಚು ಹೊಡೆತ ಕೊಡುವುದಕ್ಕೆ ಇದೊಂದು ಕಾರಣ.

ದಕ್ಷಿಣ ಏಷ್ಯಾದ ಜನರಲ್ಲಿ ಈ ಜೀನಿನ ನಾಲ್ಕು ಪ್ರತಿಗಳಲ್ಲಿ ಸುಮಾರು ಒಂದು ಈ ರೂಪಭೇದದ್ದು. ಲೆಕ್ಕ ಹಾಕಿದರೆ ಹತ್ತು ಜನರಲ್ಲಿ ನಾಲ್ವರ ಹತ್ತಿರ ಕನಿಷ್ಠ ಒಂದು ಪ್ರತಿ ಇರುತ್ತದೆ, ನೂರರಲ್ಲಿ ಆರು ಮಂದಿಯ ಹತ್ತಿರ ಎರಡೂ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ನಿಮ್ಮ ಜೊತೆ ಬರುವವರಲ್ಲೇ ಎಷ್ಟೋ ಜನರಿಗೆ ಇದು ಇದೆ. ಅವರೆಲ್ಲರ ಲಿವರು ಕೆಟ್ಟಿದೆಯೇ? ಇಲ್ಲ. ಯಾಕಿಲ್ಲ ಎಂಬುದಕ್ಕೆ 2017ರ ಒಂದು ದೊಡ್ಡ ಅಧ್ಯಯನ ಉತ್ತರ ಕೊಟ್ಟಿದೆ. ತೆಳ್ಳಗಿನವರಲ್ಲಿ ಈ ಜೀನು ಇದ್ದವರಿಗೂ ಇಲ್ಲದವರಿಗೂ ಲಿವರ್ ಕೊಬ್ಬಿನಲ್ಲಿ ಅಂತರ ಸಣ್ಣದು. ಮೈತೂಕ ಏರಿದಂತೆ ಆ ಅಂತರ ಹಿಗ್ಗುತ್ತ ಹೋಗುತ್ತದೆ. ಅಂದರೆ ಬೊಜ್ಜು ಜೀನಿನ ದನಿಯನ್ನು ಏರಿಸುತ್ತದೆ, ಬೊಜ್ಜು ಇಳಿದರೆ ದನಿಯೂ ಇಳಿಯುತ್ತದೆ. ಎರಡೂ ಪ್ರತಿ ಇರುವವರು ತೂಕ ಇಳಿಸಿದಾಗ ಅವರ ಲಿವರ್ ಕೊಬ್ಬು ಉಳಿದವರಿಗಿಂತ ಚೆನ್ನಾಗಿ ಇಳಿದದ್ದನ್ನೂ ಸಂಶೋಧಕರು ಕಂಡಿದ್ದಾರೆ. “ನಮ್ಮ ವಂಶದಾಗ ಐತಿ, ಏನ್ ಮಾಡಿದ್ರೂ ಅಷ್ಟ” ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ವಂಶದಲ್ಲಿ ಇದ್ದವರ ಶ್ರಮಕ್ಕೆ ಫಲ ಹೆಚ್ಚು.

ಬೇರೆ ಜೀನುಗಳೂ ಇವೆ. ಟಿಎಂ6ಎಸ್‌ಎಫ್2 ಎಂಬುದರ ಒಂದು ರೂಪ ಲಿವರಿನಲ್ಲಿ ಕೊಬ್ಬು ಕೂಡಿಡುತ್ತದೆ, ಆದರೆ ರಕ್ತದ ಕೊಬ್ಬು ಇಳಿಸಿ ಹೃದಯಕ್ಕೆ ಒಳ್ಳೆಯದನ್ನೇ ಮಾಡುತ್ತದೆ. ಜಿಸಿಕೆಆರ್ ಲಿವರಿನ ಕೊಬ್ಬು ಏರಿಸಿ ಉಪವಾಸದ ಸಕ್ಕರೆ ಇಳಿಸುತ್ತದೆ. ಎಚ್‌ಎಸ್‌ಡಿ17ಬಿ13 ಎಂಬುದರ ಒಂದು ರೂಪವಂತೂ ಲಿವರನ್ನು ಕಾಯುತ್ತದೆ. ಒಂದೇ ಮೈಯಲ್ಲಿ ಇವೆಲ್ಲ ಬೆರೆತಿರುವಾಗ ಒಂದೇ ಜೀನಿನ ವರದಿ ಹಿಡಿದು ಭವಿಷ್ಯ ಹೇಳಲು ಬರುವುದಿಲ್ಲ.

ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಇನ್ನೂ ಇದೆಯಲ್ಲ, ಅದರ ಬಗ್ಗೆಯೂ ಕೇಳುತ್ತಾರೆ. ಸೋದರಮಾವನನ್ನು ಮದುವೆಯಾದವಳ ಮಗುವಿಗೆ ಈ ಜೀನಿನ ಎರಡೂ ಪ್ರತಿ ಬರುವ ಸಾಧ್ಯತೆ ನೂರಕ್ಕೆ ಆರರಿಂದ ಎಂಟು-ಒಂಬತ್ತಕ್ಕೆ ಏರುತ್ತದೆ. ಅಂಥ ಮನೆಯಲ್ಲಿ ಸ್ವಲ್ಪ ಬೇಗ ತಪಾಸಣೆ ಶುರುಮಾಡಿದರೆ ಸಾಕು, ಫ್ಯಾಟಿ ಲಿವರ್ ವಿಚಾರಕ್ಕೆ ಅದಕ್ಕಿಂತ ಹೆಚ್ಚು ಹೆದರಬೇಕಿಲ್ಲ.

ವಂಶಪಟ್ಟಿ ಬರೆಯುವುದು

ಇದು ಇಡೀ ಕೆಲಸದ ಜೀವಾಳ. ಇದಕ್ಕೆ ಒಂದು ಸಂಜೆ ಬೇಕು, ಮನೆಯ ಅತಿ ಹಿರಿಯ ಹೆಂಗಸು ಬೇಕು. ಗಂಡಸರಿಗಿಂತ ಹೆಂಗಸರಿಗೆ ಯಾರು ಹೇಗೆ ನರಳಿದರು ಎಂಬುದು ಚೆನ್ನಾಗಿ ನೆನಪಿರುತ್ತದೆ, ಆರೈಕೆ ಮಾಡಿದವರು ಅವರೇ ತಾನೆ.

ನಮ್ಮದು ಬೆಟಗೇರಿಯ ನೇಕಾರ ಮನೆತನ. ನಮ್ಮ ಪಟ್ಟಿಯನ್ನು ಅಕ್ಕನ ಮನೆಯಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆವು, ಸೋದರತ್ತೆ ಹೇಳುತ್ತ ಹೋದರು. ನೀವೂ ಹೀಗೇ ಮಾಡಿ. ಮೇಲಿನ ಸಾಲಿನಲ್ಲಿ ಅಜ್ಜ-ಅಜ್ಜಿಯರು, ಎರಡೂ ಕಡೆಯವರು. ಅದರ ಕೆಳಗೆ ಅಪ್ಪ, ಅವ್ವ, ಕಾಕಾ, ಅತ್ತಿ, ಮಾವ, ಮಾವಶಿ. ಮೂರನೇ ಸಾಲಿನಲ್ಲಿ ನೀವು, ಒಡಹುಟ್ಟಿದವರು. ಕೊನೆಗೆ ಮಕ್ಕಳು. ಗಂಡಿಗೆ ಚೌಕ, ಹೆಣ್ಣಿಗೆ ಸುತ್ತು. ತೀರಿಹೋದವರ ಗುರುತಿನ ಮೇಲೆ ಒಂದು ಅಡ್ಡಗೆರೆ, ಪಕ್ಕದಲ್ಲಿ ಎಷ್ಟನೇ ವಯಸ್ಸಿಗೆ ಎಂದು.

ರೋಗದ ಹೆಸರು ಕೇಳಿದರೆ ಹಿರಿಯರು ಉತ್ತರ ಕೊಡಲಾರರು. ಕಡೆಗಾಲದಲ್ಲಿ ಏನೇನಾಯಿತು ಎಂದು ಕೇಳಿ. ನಮ್ಮ ಅತ್ತೆ ಹೇಳಿದ್ದು ಹೀಗೆ: “ದೊಡ್ಡಪ್ಪಗ ಹೊಟ್ಟ್ಯಾಗ ನೀರ ತುಂಬಿತ್ತು, ಧೋತರ ಉಡಾಕ ಬರ್ತಿದ್ದಿಲ್ಲ. ಕಾಲಿಗೂ ಬಾವು.” ಇದು ಸಿರೋಸಿಸ್, ಅಂದರೆ ಲಿವರು ಪೂರ್ತಿ ಕಲೆಗಟ್ಟಿ ಗಟ್ಟಿಯಾಗುವ ಕೊನೆಯ ಹಂತ, ಆಗಿರುವ ಸಾಧ್ಯತೆ ಹೆಚ್ಚು. ಒಮ್ಮೆಲೆ ರಕ್ತ ಕಾರಿದರು, ಮಲ ಡಾಂಬರಿನಂತೆ ಕಪ್ಪಾಗಿತ್ತು ಎಂದರೂ ಲಿವರಿನತ್ತ ಗುಮಾನಿ ಇಡಿ. ಹಗಲು ಮಂಪರು, ರಾತ್ರಿ ನಿದ್ದೆಯಿಲ್ಲ, ಸ್ವಂತ ಮಕ್ಕಳ ಗುರುತೇ ಹತ್ತಲಿಲ್ಲ ಎಂಬುದೂ ಅದೇ ಜಾಡು. ಇದರ ಜೊತೆ ಸಕ್ಕರೆ ಕಾಯಿಲೆ, ಬಿಪಿ, ಲಕ್ವ, ಅರವತ್ತರ ಒಳಗೆ ಬಂದ ಹೃದಯಾಘಾತ, ಬಸಿರಿನಲ್ಲಿ ಬಂದು ಹೋದ ಸಕ್ಕರೆ ಎಲ್ಲವನ್ನೂ ಬರೆದುಕೊಳ್ಳಿ. ಲಿವರಿನ ಕೊಬ್ಬು ಇವುಗಳ ಸಂಗಾತಿ. ಫ್ಯಾಟಿ ಲಿವರ್ ಇರುವವರಲ್ಲಿ ಹೆಚ್ಚು ಜನ ತೀರಿಕೊಳ್ಳುವುದು ಹೃದಯದ ಕಾಯಿಲೆಯಿಂದ.

ಕುಡಿತದ ಬಗ್ಗೆ ಬರೆಯುವಾಗ ಮಾತ್ರ ಬಹಳ ಎಚ್ಚರ. ನಮ್ಮ ಅಪ್ಪ ಜೀವಮಾನದಲ್ಲಿ ಹನಿ ಮುಟ್ಟಿದವರಲ್ಲ. ಮಗ್ಗದ ಮುಂದೆ ಕೂತರೆ ಎದ್ದು ಬರುವುದು ಊಟಕ್ಕೆ, ಪೂಜೆಗೆ. ಅವರಿಗೆ ಸಿರೋಸಿಸ್ ಆದಾಗ ಓಣಿಯಲ್ಲಿ ಮಾತು ಹುಟ್ಟಿತು: “ಕುಡೀದ ಲಿವರ್ ಕೆಡತದೇನ?” ಅವ್ವ ಆ ಮಾತು ಹೊತ್ತುಕೊಂಡೇ ಮಣ್ಣಾದಳು. ಇಂಥ ಮಾತಿನ ಭಯಕ್ಕೆ ಎಷ್ಟೋ ಮನೆಗಳಲ್ಲಿ ಲಿವರ್ ಕಾಯಿಲೆಯನ್ನು ಮುಚ್ಚಿಡುತ್ತಾರೆ, ಮುಚ್ಚಿಟ್ಟದ್ದರಿಂದ ಮಕ್ಕಳ ತಪಾಸಣೆ ಆಗುವುದಿಲ್ಲ. ಹಾಗಾಗಿ ಕಣ್ಣಾರೆ ಕಂಡವರು ಹೇಳಿದರೆ ಮಾತ್ರ ‘ಕುಡಿಯುತ್ತಿದ್ದರು’ ಎಂದು ಬರೆಯಿರಿ. ಕೇಳಿದ ಸುದ್ದಿಯನ್ನು ಬರೆಯಬೇಡಿ.

ಪಟ್ಟಿ ಮುಗಿದ ಮೇಲೆ ಒಂದು ಪ್ರಶ್ನೆ ಹಾಕಿ: ಅಪ್ಪ, ಅವ್ವ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಯಾರಿಗಾದರೂ ಕುಡಿತವಿಲ್ಲದೆ ಸಿರೋಸಿಸ್ ಆಗಿದೆಯೇ? ಸ್ಯಾನ್ ಡಿಯಾಗೊದಲ್ಲೇ 2017ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಇಂಥವರ ಹತ್ತಿರದ ರಕ್ತಸಂಬಂಧಿಗಳಿಗೆ ಲಿವರ್ ಗಟ್ಟಿಯಾಗುವ ಅಪಾಯ ಸುಮಾರು ಹನ್ನೆರಡು ಪಟ್ಟು ಹೆಚ್ಚು ಕಂಡಿತು. ಹೌದು ಎಂಬ ಉತ್ತರ ಬಂದರೆ ಸ್ಕ್ಯಾನಿನಲ್ಲಿ ಏನೂ ಇರದಿದ್ದರೂ ಮುಂದಿನ ಲೆಕ್ಕ ನಿಮಗೆ ಕಡ್ಡಾಯ.

ಟೇಪು ಹಿಡಿಯುವುದು

ಪ್ಯಾಂಟಿನ ಅಳತೆ ಲೆಕ್ಕಕ್ಕಿಲ್ಲ. ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ಹೊಟ್ಟೆ ಮೇಲೆ ಉಳಿಯುತ್ತದೆ. ಕೊನೆಯ ಪಕ್ಕೆಲುಬನ್ನೂ ಸೊಂಟದ ಎಲುಬಿನ ಮೇಲ್ತುದಿಯನ್ನೂ ಬೆರಳಿಂದ ಮುಟ್ಟಿ ನೋಡಿ, ಎರಡರ ನಡುವೆ ಟೇಪು ಸುತ್ತಿ. ಬಟ್ಟೆ ಅಡ್ಡ ಇರಬಾರದು, ಸೀರೆಯ ನೆರಿಗೆಯ ಮೇಲೆ ಅಳೆದರೆ ಅಂಕಿ ಸುಳ್ಳಾಗುತ್ತದೆ. ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅದನ್ನು ದಾಟಿದರೆ ಅಪಾಯದ ಗೆರೆ ದಾಟಿದಂತೆ.

ತೂಕದ ಗೆರೆಯೂ ನಮಗೆ ಬೇರೆ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಂಕಿ, 25ರವರೆಗೆ ಸರಿ ಎಂಬುದು ಯುರೋಪಿನವರ ಲೆಕ್ಕ. ನಮಗೆ 23ಕ್ಕೇ ತೂಕ ಹೆಚ್ಚು, 25ಕ್ಕೆ ಬೊಜ್ಜು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಜಾನ್ ಯಡ್ಕಿನ್ ಇಬ್ಬರ ಬಿಎಂಐ ಒಂದೇ, 22.3. ಮೈಯ ಕೊಬ್ಬು ಅಳೆದಾಗ ಯಡ್ಕಿನ್ ಅವರದು 9.1 ಶೇಕಡಾ, ಯಾಜ್ಞಿಕರದು 21.2. ತಮ್ಮದೇ ಚಿತ್ರ ಹಾಕಿ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಅವರೇ ಪ್ರಕಟಿಸಿದರು.

ಹಾವೇರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ತಮ್ಮನೂ ಹಾಗೇ. 62 ಕಿಲೊ, ನೋಡಿದವರು “ಇನ್ನೊಂದೀಟ ಮೈ ಹಿಡೀಬೇಕಪಾ” ಎನ್ನುವ ಮೈಕಟ್ಟು. ಬಿಎಂಐ 21.5. ಟೇಪು ಸುತ್ತಿದರೆ 91. ಕೈಕಾಲು ಕಡ್ಡಿ, ಕೊಬ್ಬೆಲ್ಲ ಹೊಟ್ಟೆಯಲ್ಲಿ. ಇಂಥವರನ್ನು ತಪಾಸಣೆಗೆ ಯಾರೂ ಕರೆಯುವುದಿಲ್ಲ, ಪಟ್ಟಿಯೇ ಅವರನ್ನು ಕರೆಯಬೇಕು. ನಿಮ್ಮ ಮನೆಯಲ್ಲಿ ಟೇಪು ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಫ್ಯಾಟಿ ಲಿವರನ್ನು 2021ರಲ್ಲಿ ಕೇಂದ್ರ ಸರ್ಕಾರ ಸಕ್ಕರೆ, ಬಿಪಿ, ಹೃದಯದ ಕಾಯಿಲೆಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ, ಮೂವತ್ತು ದಾಟಿದವರ ಸೊಂಟದ ಅಳತೆ ಅವರು ತುಂಬುವ ಫಾರ್ಮಿನಲ್ಲಿಯೇ ಇದೆ.

ನಾಲ್ಕು ಅಂಕಿ

ಸ್ಕ್ಯಾನಿಂಗಿನ ಗ್ರೇಡ್ ಕಂಡು ಜನ ಹೆದರುತ್ತಾರೆ, ಇಲ್ಲವೇ ಗ್ರೇಡ್ ಒಂದೇ ಅಲ್ಲವೇ ಎಂದು ಸುಮ್ಮನಾಗುತ್ತಾರೆ. ಗ್ರೇಡ್ ಹೇಳುವುದು ಕೊಬ್ಬು ಎಷ್ಟು ಬೆಳ್ಳಗೆ ಕಾಣುತ್ತಿದೆ ಎಂಬುದನ್ನು ಮಾತ್ರ. ಲಿವರು ಕಲೆಗಟ್ಟಿ ಗಟ್ಟಿಯಾಗುತ್ತಿದೆಯೇ ಎಂಬುದು, ಅಂದರೆ ಫೈಬ್ರೋಸಿಸ್, ಮುಂದಿನ ಬದುಕನ್ನು ನಿರ್ಧರಿಸುತ್ತದೆ, ಗ್ರೇಡಿನಿಂದ ಅದು ತಿಳಿಯುವುದಿಲ್ಲ. ಕೊಬ್ಬು ಸ್ವಲ್ಪವೇ ಇದ್ದರೆ ಸಾಮಾನ್ಯ ಸ್ಕ್ಯಾನಿಗೆ ಕಾಣುವುದೂ ಇಲ್ಲ.

ಕಲೆಯ ಅಂದಾಜಿಗೆ ಫಿಬ್-4 ಎಂಬ ಲೆಕ್ಕ ಇದೆ. ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್, ಈ ನಾಲ್ಕೇ ಅಂಕಿ ಸಾಕು. ಎಸ್‌ಜಿಒಟಿ, ಎಸ್‌ಜಿಪಿಟಿ ಎಂದರೆ ಲಿವರಿನ ಜೀವಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಎರಡು ಕಿಣ್ವಗಳು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ ಪಕ್ಕಕ್ಕಿಡಿ. ಎಸ್‌ಜಿಪಿಟಿಯ ವರ್ಗಮೂಲ ತೆಗೆದು ಪ್ಲೇಟ್‌ಲೆಟ್ಟಿನಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಪ್ಲೇಟ್‌ಲೆಟ್ ನಮ್ಮ ವರದಿಗಳಲ್ಲಿ ಲಕ್ಷದಲ್ಲಿ ಇರುತ್ತದೆ, ಲೆಕ್ಕಕ್ಕೆ ಸಾವಿರದಲ್ಲಿ ಬೇಕು. 1.9 ಲಕ್ಷ ಎಂದರೆ 190.

ತಮ್ಮನ ಅಂಕಿಗಳನ್ನೇ ತೋರಿಸುತ್ತೇನೆ. ವಯಸ್ಸು 46, ಎಸ್‌ಜಿಒಟಿ 52, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 1.9 ಲಕ್ಷ. 46 ಗುಣಿಸು 52, ಅದು 2392. 64ರ ವರ್ಗಮೂಲ 8, ಅದಕ್ಕೆ 190 ಗುಣಿಸಿದರೆ 1520. ಭಾಗಿಸಿದರೆ 1.57.

1.3ರ ಒಳಗಿದ್ದರೆ ಸದ್ಯ ದೊಡ್ಡ ಕಲೆ ಇಲ್ಲ ಎಂದು ಸಮಾಧಾನ ಪಡಬಹುದು. 65 ದಾಟಿದವರಿಗೆ ಆ ಗೆರೆ 2.0. 2.67ಕ್ಕಿಂತ ಮೇಲೆ ಹೋದರೆ ತಡಮಾಡದೆ ಲಿವರ್ ತಜ್ಞರನ್ನು ಕಾಣಬೇಕು. ನಡುವೆ ಬಂದರೆ, ತಮ್ಮನಿಗೆ ಬಂದ ಹಾಗೆ, ಲಿವರಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಬೇಕು. ಮೂರು ತಾಸು ಏನೂ ತಿನ್ನದೆ ಹೋಗಿ ಮಲಗಿದರೆ ಪಕ್ಕೆಗೆ ಸಣ್ಣದಾಗಿ ತಟ್ಟಿದಂತಾಗುತ್ತದೆ, ಅಷ್ಟೇ, ಸೂಜಿ ಇಲ್ಲ. ಅದರಲ್ಲಿ 8 ಕಿಲೊಪಾಸ್ಕಲ್ ಒಳಗಿದ್ದರೆ ಅಪಾಯ ಕಡಿಮೆ. ಅವನಿಗೆ 6.4 ಬಂತು.

ಲ್ಯಾಬಿನವಳಾಗಿ ಇಲ್ಲಿ ಒಂದಿಷ್ಟು ಹೇಳಲೇಬೇಕು. ಡೆಂಗಿ, ವೈರಲ್ ಜ್ವರ ಬಂದಾಗ ಪ್ಲೇಟ್‌ಲೆಟ್ ಬೀಳುತ್ತದೆ, ಎಸ್‌ಜಿಒಟಿ ಏರುತ್ತದೆ, ಫಿಬ್-4 ಎಲ್ಲಿಗೋ ಹೋಗುತ್ತದೆ. ಆ ವರದಿ ಹಿಡಿದು ಲೆಕ್ಕ ಹಾಕಬೇಡಿ, ಪೂರ್ತಿ ಗುಣವಾಗಿ ಕೆಲವು ವಾರ ಕಳೆದ ಮೇಲೆ ಮತ್ತೆ ರಕ್ತ ಕೊಡಿ. ಹಿಂದಿನ ದಿನ ಹೊಲದಲ್ಲಿ ಮೈಮುರಿದು ದುಡಿದಿದ್ದರೂ, ಜಿಮ್ಮಿನಲ್ಲಿ ಭಾರ ಎತ್ತಿದ್ದರೂ ಎಸ್‌ಜಿಒಟಿ ಏರುತ್ತದೆ, ಅದು ಸ್ನಾಯುಗಳಲ್ಲಿಯೂ ಇರುವ ವಸ್ತು. ರಕ್ತ ತೆಗೆಯುವಾಗ ಕೆಂಪುಕಣ ಒಡೆದರೂ ಹಾಗೇ. ಕೆಲವರ ಪ್ಲೇಟ್‌ಲೆಟ್‌ಗಳು ಟ್ಯೂಬಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಯಂತ್ರ ಅವನ್ನು ಕಡಿಮೆ ಎಣಿಸುತ್ತದೆ. ಮೊದಲು ಎಂದೂ ಇಲ್ಲದ ಕಡಿಮೆ ಪ್ಲೇಟ್‌ಲೆಟ್ ಬಂದರೆ “ಸ್ಲೈಡ್ ಮಾಡಿ ನೋಡ್ರಿ” ಎಂದು, ಅಂದರೆ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಲು, ಕೇಳಿ, ಅದು ನಿಮ್ಮ ಹಕ್ಕು. ಮೂವತ್ತೈದರ ಒಳಗಿನವರಿಗೆ ಫಿಬ್-4 ಅಷ್ಟು ನಂಬಿಕೆಗೆ ಅರ್ಹವಲ್ಲ, ಅವರು ಪಟ್ಟಿಯನ್ನೇ ಡಾಕ್ಟರಿಗೆ ತೋರಿಸಲಿ.

ಎಸ್‌ಜಿಪಿಟಿ ನಾರ್ಮಲ್ ಇದೆ ಎಂದು ಬಿಡಲೂ ಬೇಡಿ. ವರದಿಯಲ್ಲಿ 40, 45ರವರೆಗೆ ಸರಿ ಎಂದು ಅಚ್ಚಾಗಿರುತ್ತದೆ. ಆರೋಗ್ಯವಂತ ಗಂಡಸಿಗೆ 33, ಹೆಂಗಸಿಗೆ 25 ದಾಟಬಾರದು ಎಂಬುದು ಲಿವರ್ ತಜ್ಞರ ಮಾತು. ಅದರ ಒಳಗಿದ್ದೂ ಫ್ಯಾಟಿ ಲಿವರ್ ಇರುವವರು ಬೇಕಾದಷ್ಟು ಜನ.

ಇದೇ ರಕ್ತದಲ್ಲಿ ಉಪವಾಸದ ಸಕ್ಕರೆ, ಎಚ್‌ಬಿಎ1ಸಿ, ಟ್ರೈಗ್ಲಿಸರೈಡ್, ಎಚ್‌ಡಿಎಲ್ ಕೂಡ ನೋಡಿಸಿ. ಎಚ್‌ಬಿಎ1ಸಿ ಎಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ, ಟ್ರೈಗ್ಲಿಸರೈಡ್ ರಕ್ತದಲ್ಲಿನ ಕೊಬ್ಬು, ಎಚ್‌ಡಿಎಲ್ ಒಳ್ಳೆಯ ಕೊಲೆಸ್ಟ್ರಾಲ್. ಸಕ್ಕರೆ 100 ಅಥವಾ ಎಚ್‌ಬಿಎ1ಸಿ 5.7, ಟ್ರೈಗ್ಲಿಸರೈಡ್ 150, ಇವು ಮೇಲಕ್ಕೆ ದಾಟಬಾರದ ಗೆರೆಗಳು. ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50ಕ್ಕಿಂತ ಕೆಳಗೆ ಇಳಿಯಬಾರದು. ಉಪವಾಸ ಎಂದರೆ ನೀರು ಮಾತ್ರ. “ಒಂದ ಕಪ್ಪ ಚಾ ಕುಡದೇನಿ, ಬ್ಯಾರೆ ಏನೂ ಇಲ್ರಿ” ಎನ್ನುವವರನ್ನು ನಾನು ಮರುದಿನ ಬನ್ನಿ ಎಂದು ಕಳಿಸುತ್ತೇನೆ.

ಜೀನ್ ಟೆಸ್ಟ್ ಯಾರಿಗೆ

ಮಾಮೂಲಿ ಫ್ಯಾಟಿ ಲಿವರಿಗೆ ಜೀನ್ ಟೆಸ್ಟ್ ಮಾಡಿಸಿ ಎಂದು ವೈದ್ಯರ ಮಾರ್ಗಸೂಚಿಗಳು ಹೇಳುವುದಿಲ್ಲ. ಇದೆ ಎಂದು ಬಂದರೂ ತೂಕ, ಸಿಹಿ, ನಡಿಗೆ. ಇಲ್ಲ ಎಂದು ಬಂದರೂ ತೂಕ, ಸಿಹಿ, ನಡಿಗೆ. ಇಲ್ಲ ಎಂದು ಬಂದವರು ಮೈಮರೆಯುವ ಅಪಾಯ ಬೇರೆ. ಆದರೆ ಎಳೆ ವಯಸ್ಸಿಗೇ ಲಿವರ್ ಗಟ್ಟಿಯಾಗಿದ್ದರೆ, ಬೊಜ್ಜು ಸಕ್ಕರೆ ಯಾವುದೂ ಇಲ್ಲದೆ ಒಂದೇ ಮನೆಯಲ್ಲಿ ಹಲವರಿಗೆ ಲಿವರ್ ಕಾಯಿಲೆ ಇದ್ದರೆ, ವಿಲ್ಸನ್ ಕಾಯಿಲೆಯಂಥ ಬೇರೆ ಆನುವಂಶಿಕ ರೋಗಗಳ ಗುಮಾನಿ ಬರುತ್ತದೆ. ಆಗ ಯಾವ ಪರೀಕ್ಷೆ ಎಂದು ತಜ್ಞರೇ ಬರೆದುಕೊಡುತ್ತಾರೆ. ಅಂಗಡಿಯ ಪ್ಯಾಕೇಜು ನೋಡಿ ಮಾಡಿಸುವ ಪರೀಕ್ಷೆ ಅಲ್ಲ ಅದು.

ಊಟ, ಚಹಾ, ನಡಿಗೆ

ತೂಕದ ಗುರಿ ಮೊದಲು. ಮೈತೂಕದ ನೂರಕ್ಕೆ 5 ಇಳಿದರೆ ಲಿವರಿನ ಕೊಬ್ಬು ಕರಗಲು ಶುರು, 7ರಿಂದ 10 ಇಳಿದರೆ ಉರಿಯೂತ ತಗ್ಗುತ್ತದೆ, 10 ದಾಟಿದರೆ ಕಲೆಯೂ ಹಿಂದೆ ಸರಿಯಬಹುದು. 76 ಕಿಲೊದವರಿಗೆ 5 ಎಂದರೆ ನಾಲ್ಕು ಕಿಲೊ ಕೂಡ ಅಲ್ಲ. ತಮ್ಮನಂಥ ತೆಳ್ಳಗಿನವರಿಗೆ 3ರಿಂದ 5 ಸಾಕು. ಗಡಿಬಿಡಿಯಲ್ಲಿ ಉಪವಾಸ ಬಿದ್ದು ಇಳಿಸಬೇಡಿ, ವಾರಕ್ಕೆ ಅರ್ಧ ಕಿಲೊ ಸಾಕು.

ರೊಟ್ಟಿ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಮ್ಮ ಊಟದಲ್ಲಿ ಬೇಕಾದದ್ದೆಲ್ಲ ಇದೆ: ಜೋಳದ ರೊಟ್ಟಿ, ಹೆಸರುಕಾಳು, ಮಡಕಿಕಾಳು, ಝುಣಕ, ಪುಂಡಿಪಲ್ಯ, ಜೊತೆಗೆ ಹಸಿ ಮೆಂತ್ಯ, ಹಕ್ಕರಕಿ, ಸವತಿಕಾಯಿ, ಉಳ್ಳಾಗಡ್ಡಿ. ತೊಂದರೆ ಶುರುವಾಗುವುದು ರೊಟ್ಟಿ ಮುಗಿದ ಮೇಲೆ ಅನ್ನದ ಗುಡ್ಡೆ ಬಿದ್ದಾಗ. ರಾತ್ರಿ ರೊಟ್ಟಿ ಆದರೆ ರೊಟ್ಟಿ, ಅನ್ನ ಆದರೆ ಅನ್ನ, ಎರಡರಲ್ಲಿ ಒಂದು ಇರಲಿ. ತಾಟಿನ ಅರ್ಧ ಪಲ್ಯ, ಹಸಿ ತರಕಾರಿ. ಶೇಂಗಾ ಚಟ್ನಿಗೆ ಎಣ್ಣೆ ಸುರಿದುಕೊಳ್ಳುವವರು ಮೊಸರು ಹಾಕಿಕೊಳ್ಳಿ. ಸಂಜೆ ಗಿರ್ಮಿಟ್ ತಿಂದರೆ ತಿನ್ನಿ, ಅದರ ಜೊತೆಗಿನ ಮಿರ್ಚಿ ಭಜಿ ವಾರಕ್ಕೊಮ್ಮೆಗೆ ಇಳಿಯಲಿ.

ನಿಜವಾದ ಶತ್ರು ಚಹಾದ ಬಟ್ಟಲಲ್ಲಿ ಇದೆ. ಸಣ್ಣ ಚಮಚ ತುಂಬ ಸಕ್ಕರೆ ಸುಮಾರು 5 ಗ್ರಾಂ. ಎರಡು ಚಮಚದ ನಾಲ್ಕು ಕಪ್ ಕುಡಿದರೆ 40 ಗ್ರಾಂ. ಮೇಲೆ ಸೇರಿಸಿದ ಸಕ್ಕರೆ ದಿನಕ್ಕೆ 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಉತ್ತಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ತಮ್ಮನ ಅಂಗಡಿಯಲ್ಲಿ ಗಿರಾಕಿ ಬಂದಾಗಲೆಲ್ಲ ಚಹಾ ತರಿಸುವುದು ರೂಢಿ, ಗಿರಾಕಿಯ ಜೊತೆ ಮಾಲೀಕನೂ ಕುಡಿಯಬೇಕು. ಅವನು ಮಾಡಿದ್ದು ಇಷ್ಟೇ: ಚಹಾದವನಿಗೆ “ನಂದು ಸಕ್ಕರಿ ಬಿಟ್ಟು” ಎಂದು ಕಾಯಂ ಹೇಳಿಟ್ಟ. ಊಟವಾದ ಮೇಲೆ ಹೆಗ್ಗೇರಿ ಕೆರೆಯ ಕಡೆ ನಡೆಯಲು ಶುರುಮಾಡಿದ. ಮುಂದಿನ ವರ್ಷದ ತಪಾಸಣೆಯಲ್ಲಿ ಸೊಂಟ 86, ಎಸ್‌ಜಿಪಿಟಿ 38. ಇನ್ನೂ ಇಳಿಯಬೇಕು, ಇಳಿಯುತ್ತದೆ.

ಬೆಲ್ಲ ಸಕ್ಕರೆಯಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಬೆಲ್ಲದಲ್ಲಿಯೂ ಹೆಚ್ಚಿನ ಪಾಲು ಅದೇ ಸಕ್ಕರೆ, ಲಿವರಿಗೆ ಎರಡೂ ಒಂದೇ. ಪಂಚಮಿಯ ಉಂಡಿ, ಶೇಂಗಾ ಹೋಳಿಗೆ, ಧಾರವಾಡದಿಂದ ಯಾರೋ ತಂದ ಪೇಡೆ, ಇವನ್ನು ಹಬ್ಬಕ್ಕೆ ತಿನ್ನಿ, ಒಂದು ತಿಂದು ಡಬ್ಬಿಯನ್ನು ನೆರೆಮನೆಗೆ ಕಳಿಸಿ. ಮಕ್ಕಳಿಗೆ ಬಾಟಲಿಯ ತಂಪು ಪಾನೀಯ, ಡಬ್ಬಿಯ ಹಣ್ಣಿನ ರಸ ಬೇಡವೇ ಬೇಡ. ಈ ಜೀನು ಇರುವ ಮಕ್ಕಳಲ್ಲಿ ಸಕ್ಕರೆ ಹೆಚ್ಚಾದಷ್ಟೂ ಲಿವರಿನ ಕೊಬ್ಬು ಹೆಚ್ಚಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಸಕ್ಕರೆ ಹಾಕದ ಕಾಫಿ ಒಗ್ಗುವವರು ಎರಡು ಕಪ್ ಕುಡಿಯಬಹುದು, ಕಾಫಿ ಕುಡಿಯುವವರಲ್ಲಿ ಲಿವರಿನ ಕಲೆ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಮನೆತನದಲ್ಲಿ ಲಿವರ್ ಕಾಯಿಲೆ ಇರುವವರು ಮದ್ಯ ಮುಟ್ಟಲೇಬಾರದು. ಇದೇ ಪಿಎನ್‌ಪಿಎಲ್‌ಎ3 ಕುಡಿತದ ಸಿರೋಸಿಸ್ಸಿಗೂ ದಾರಿ ಮಾಡಿಕೊಡುತ್ತದೆ.

ನಡಿಗೆ ವಾರಕ್ಕೆ 150 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಚುರುಕಾಗಿ. ಉಣಕಲ್ ಕೆರೆಯ ದಂಡೆ, ಕರ್ನಾಟಕ ವಿಶ್ವವಿದ್ಯಾಲಯದ ಆವರಣ, ಗದಗಿನ ಭೀಷ್ಮ ಕೆರೆ, ಎಲ್ಲಿ ಅನುಕೂಲವೋ ಅಲ್ಲಿ. ತೂಕ ಇಳಿಯದಿದ್ದರೂ ನಡಿಗೆಯಿಂದ ಲಿವರಿನ ಕೊಬ್ಬು ಇಳಿಯುತ್ತದೆ, ತೂಕದ ಮುಳ್ಳು ನೋಡಿ ಕೈಬಿಡಬೇಡಿ. ಮಗ್ಗ, ಹೊಲಿಗೆ ಯಂತ್ರ, ಅಂಗಡಿಯ ಗಾದಿ, ಕೂತು ಮಾಡುವ ಕೆಲಸದವರು ತಾಸಿಗೊಮ್ಮೆ ಎದ್ದು ಅಂಗಳಕ್ಕೆ ಹೋಗಿಬನ್ನಿ.

‘ಲಿವರ್ ಶುದ್ಧಿ’ಯ ಪುಡಿ, ಕಷಾಯಗಳ ಬಗ್ಗೆ ಕೈಮುಗಿದು ಹೇಳುತ್ತೇನೆ, ಡಾಕ್ಟರನ್ನು ಕೇಳದೆ ಕುಡಿಯಬೇಡಿ. ಅಮೃತಬಳ್ಳಿಯ ಕಷಾಯ ಕುಡಿದು ಲಿವರಿಗೆ ಪೆಟ್ಟಾದ ಪ್ರಕರಣಗಳನ್ನು 2021ರಲ್ಲಿ ಮುಂಬೈಯ ವೈದ್ಯರು ದಾಖಲಿಸಿದ್ದಾರೆ. ಆಗಲೇ ದಣಿದಿರುವ ಲಿವರು ಅದು.

ಮುಂದಿನ ತಪಾಸಣೆ

ಫಿಬ್-4 1.3ರ ಒಳಗಿದ್ದು ಸಕ್ಕರೆ ಕಾಯಿಲೆ ಇದ್ದರೆ, ಅಥವಾ ಹೊಟ್ಟೆ, ಬಿಪಿ, ಟ್ರೈಗ್ಲಿಸರೈಡ್ ಮೊದಲಾದವುಗಳಲ್ಲಿ ಎರಡು ಗೆರೆ ದಾಟಿದ್ದರೆ ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ ನೋಡಿಸಿ. ಇವೇನೂ ಇಲ್ಲದವರಿಗೆ ಎರಡು-ಮೂರು ವರ್ಷಕ್ಕೊಮ್ಮೆ ಸಾಕು. ಹೊಟ್ಟೆ ಉಬ್ಬುವುದು, ಕಣ್ಣು ಹಳದಿ, ಕಪ್ಪು ಮಲ, ರಕ್ತ ಕಾರುವುದು ಕಂಡರೆ ಲೆಕ್ಕ ಹಾಕುತ್ತ ಕೂಡಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಹುಬ್ಬಳ್ಳಿಯಲ್ಲಿ ಮೊದಲು ಕಿಮ್ಸ್ ಎನ್ನುತ್ತಿದ್ದ, ಈಗಿನ ಕೆಎಂಸಿಆರ್‌ಐ ಸರ್ಕಾರಿ ಆಸ್ಪತ್ರೆ ಇದೆ, ಗದಗ, ಹಾವೇರಿಯಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ.

ಡಾಕ್ಟರ ಹತ್ತಿರ ಹೋಗುವಾಗ ವಂಶಪಟ್ಟಿ, ಸೊಂಟದ ಅಳತೆ, ಹಳೆಯ ವರದಿಗಳು, ನೀವು ನುಂಗುವ ಎಲ್ಲ ಗುಳಿಗೆ ಪುಡಿಗಳ ಹೆಸರು ಒಯ್ಯಿರಿ. ಪಟ್ಟಿಯ ಫೋಟೊ ತೆಗೆದು ಒಡಹುಟ್ಟಿದವರಿಗೆಲ್ಲ ಕಳಿಸಿ, ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕತಂಗಿಯರಿಗೆ ಮೊದಲು. ತವರಿನ ಜೀನು ಅವರ ಜೊತೆಗೂ ಹೋಗಿದೆ, ತವರಿನ ರೋಗಗಳ ವಿವರ ಮಾತ್ರ ಅವರ ಡಾಕ್ಟರಿಗೆ ಗೊತ್ತಿರುವುದಿಲ್ಲ.